ತಲೆ, ಕತ್ತು, ಮುಂಡದ ಸ್ನಾಯುಗಳನ್ನು ಮುಟ್ಟಿ ಗುರುತಿಸುವ ಬಗೆ

ದಾವಣಗೆರೆಯಲ್ಲಿ ಅಂಗರಚನೆ ಓದಲು ಬಂದಿರುವ ವಿದ್ಯಾರ್ಥಿಗಳು ಚಿತ್ರಪಟಕ್ಕಿಂತ ಮೊದಲು ತಮ್ಮ ಮೈಯನ್ನೇ ಮುಟ್ಟಿ ನೋಡಬೇಕು. ದವಡೆಯ ಮೂಲೆಯ ಮೇಲೆ ಬೆರಳಿಟ್ಟು, ಮಂಡಕ್ಕಿಯೊಳಗಿನ ಶೇಂಗಾವನ್ನು ಅಗಿಯುವಾಗ ಉಬ್ಬುವುದು ಮ್ಯಾಸೆಟರ್. ಅದೇ ಹೊತ್ತಿಗೆ ಕಣತಲೆಯಲ್ಲಿ ಅಲುಗುವುದು ಟೆಂಪೊರಾಲಿಸ್. ಇವೆರಡೂ ಕೆಳದವಡೆಯನ್ನು ಮೇಲಕ್ಕೆತ್ತುತ್ತವೆ.

ಕತ್ತಿನಲ್ಲಿ ಎಡಬಲದ ಗೊಂದಲ ಸಹಜವಾದ್ದರಿಂದ ಅಲ್ಲಿ ನಿಧಾನಿಸಬೇಕು. ಕನ್ನಡಿಯ ಮುಂದೆ ನಿಂತು, ಗದ್ದದ ಬಲಬದಿಗೆ ಅಂಗೈ ಒತ್ತಿ, ಆ ಒತ್ತಡಕ್ಕೆ ಎದುರಾಗಿ ಮುಖವನ್ನು ಬಲಕ್ಕೆ ತಿರುಗಿಸಲು ಯತ್ನಿಸಿದರೆ, ಎಡಗಿವಿಯ ಹಿಂದಿನ ಮೂಳೆಯಿಂದ ಎದೆಮೂಳೆಯವರೆಗೆ ಇಳಿಯುವ ಸ್ಟರ್ನೊಕ್ಲೈಡೊಮ್ಯಾಸ್ಟಾಯ್ಡ್ ಹಗ್ಗದಂತೆ ಬಿಗಿದು ಕಾಣುತ್ತದೆ. ಅಂದರೆ ಎಡಗಡೆಯ ಸ್ನಾಯು ಮುಖವನ್ನು ಬಲಕ್ಕೆ ತಿರುಗಿಸುತ್ತದೆ. ಕತ್ತುನೋವು ಇರುವವರು ಇದನ್ನು ಮಾಡಬಾರದು. ಭುಜಗಳನ್ನು ಕಿವಿಯತ್ತ ಎತ್ತಿದರೆ ಕತ್ತಿನ ಹಿಂಬದಿಯಿಂದ ಭುಜದವರೆಗೆ ಹರಡಿದ ಟ್ರೆಪೀಜಿಯಸ್ ಕೈಗೆ ಸಿಗುತ್ತದೆ.

ಅಂಗಾತ ಮಲಗಿ ತಲೆ ಮತ್ತು ಭುಜಗಳನ್ನು ತುಸು ಎತ್ತಿದಾಗ ಹೊಕ್ಕುಳಿನ ಇಬ್ಬದಿಯಲ್ಲಿ ಗಟ್ಟಿಯಾಗುವುದು ರೆಕ್ಟಸ್ ಅಬ್ಡಾಮಿನಿಸ್. ಮುಂಡವನ್ನು ಮುಂದಕ್ಕೆ ಬಾಗಿಸುವುದು ಅದರ ಕೆಲಸ. ಎದೆ ಮತ್ತು ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯುವಾದ ವಪೆಯನ್ನು (ಡಯಾಫ್ರಮ್) ಹೀಗೆ ಮುಟ್ಟಲಾಗದು. ಆದರೆ ಹೊಟ್ಟೆಯ ಮೇಲೆ ಕೈಯಿಟ್ಟು ಆಳವಾಗಿ ಉಸಿರೆಳೆದುಕೊಂಡರೆ, ಅದು ಕೆಳಗಿಳಿದು ಹೊಟ್ಟೆಯನ್ನು ಮುಂದಕ್ಕೆ ತಳ್ಳುವುದು ತಿಳಿಯುತ್ತದೆ. ಚಿತ್ರದುರ್ಗದ ಕೋಟೆಯ ಮೆಟ್ಟಿಲುಗಳನ್ನು ಹತ್ತಿ ಏದುಸಿರು ಬಂದಾಗ, ಪಕ್ಕೆಲುಬುಗಳ ನಡುವಿನ ಸ್ನಾಯುಗಳ ಜೊತೆಗೆ ಕತ್ತಿನ ಸ್ಕೇಲೀನ್ ಸ್ನಾಯುಗಳೂ ಎದೆಗೂಡನ್ನು ಮೇಲೆತ್ತಲು ದುಡಿಯುವುದನ್ನು ಅಲ್ಲೇ ಗಮನಿಸಬಹುದು.