ಪಹಣಿಯಲ್ಲಿ ಇಲ್ಲದ್ದನ್ನು ಬರೆದಿಟ್ಟ ಬಗೆ

ನಾನು ವಕೀಲನಲ್ಲ. ಭೂಮಿ ಕಳೆದುಕೊಂಡವರ ಮನೆಯಿಂದ ಕಾಗದಗಳನ್ನು ಹುಡುಕಿ, ಹೊಂದಿಸಿ, ವಕೀಲರ ಮೇಜಿಗೆ ತಲುಪಿಸುವ ಕೆಲಸ ನನ್ನದು. ಕಲಿತದ್ದೆಲ್ಲ ಕಾರವಾರದ ಸೀಬರ್ಡ್ ನೌಕಾನೆಲೆ ಯೋಜನೆಯ ನಿರಾಶ್ರಿತರ ಅರ್ಜಿಗಳಿಂದ. ಆ ನೌಕಾನೆಲೆಗೆ ಅಡಿಗಲ್ಲು ಬಿದ್ದದ್ದು 1986ರಲ್ಲಿ, ಐಎನ್‌ಎಸ್ ಕದಂಬ ಎಂಬ ಹೆಸರಿನಲ್ಲಿ ಅದು ಕಾರ್ಯಾರಂಭ ಮಾಡಿದ್ದು 2005ರಲ್ಲಿ. ಆ ಎರಡು ದಶಕಗಳ ನಡುವೆ ಕಾರವಾರ, ಅಂಕೋಲಾ ತಾಲ್ಲೂಕುಗಳ ಕಡಲಂಚಿನಿಂದ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಎದ್ದುಹೋದವು. ಅವರಲ್ಲಿ ಅನೇಕರು ಪರಿಹಾರದ ಹೆಚ್ಚುವರಿ ಮೊತ್ತಕ್ಕಾಗಿ ವರ್ಷಗಟ್ಟಲೆ ನ್ಯಾಯಾಲಯದ ಮೆಟ್ಟಿಲು ಹತ್ತಿದರು.

ಆ ಕಡತಗಳೆಲ್ಲ 1894ರ ಹಳೆಯ ಭೂಸ್ವಾಧೀನ ಕಾಯ್ದೆಯವು. ಅದರಲ್ಲಿ 28ಎ ಎಂಬ ಕಲಮು ಬಡವರ ಪಾಲಿಗೆ ದೊಡ್ಡ ಆಸರೆಯಾಗಿತ್ತು. ಒಂದೇ ಅಧಿಸೂಚನೆಯಲ್ಲಿ ಜಮೀನು ಹೋದ ನೆರೆಯವನಿಗೆ ನ್ಯಾಯಾಲಯ ಹೆಚ್ಚು ದರ ಕೊಟ್ಟರೆ, ಕೋರ್ಟಿಗೆ ಹೋಗಲಾಗದ ನೀವೂ ಆ ತೀರ್ಪಿನಿಂದ ಮೂರು ತಿಂಗಳೊಳಗೆ ಅರ್ಜಿ ಕೊಟ್ಟು ಅದೇ ದರ ಕೇಳಬಹುದಿತ್ತು. ಆದರೆ ತೀರ್ಪು ಬಂದದ್ದೇ ಗೊತ್ತಾಗದೆ ಆ ಮೂರು ತಿಂಗಳು ಕಳೆದುಹೋದ ಮನೆಗಳನ್ನು ನೋಡಿದ್ದೇನೆ. ಬಡ್ಡಿಯ ವಿಷಯವೂ ಹಾಗೆಯೇ. ಹೆಚ್ಚುವರಿ ಪರಿಹಾರಕ್ಕೆ ಸ್ವಾಧೀನ ತೆಗೆದುಕೊಂಡ ದಿನದಿಂದ ಮೊದಲ ವರ್ಷ ಶೇ 9, ನಂತರ ಶೇ 15. ಹೀಗಾಗಿ ಜಮೀನನ್ನು ಯಾವ ದಿನ ಬಿಟ್ಟುಕೊಟ್ಟರು ಎಂಬುದಕ್ಕೆ ಪಂಚನಾಮೆಯ ಪ್ರತಿ ಇದ್ದವರಿಗೂ ಇಲ್ಲದವರಿಗೂ ಬಹಳ ವ್ಯತ್ಯಾಸವಾಗುತ್ತಿತ್ತು.

ಪುನರ್ವಸತಿ ಕಾಲೋನಿಯೊಂದರಲ್ಲಿ ಕಾಗದ ಹುಡುಕುತ್ತಿದ್ದಾಗ ಒಬ್ಬ ಅಜ್ಜಿ ನನ್ನನ್ನು ಕೂರಿಸಿಕೊಂಡು ಹೇಳಿದರು: "ಮನೆಗೆ ದುಡ್ಡು ಬಂತು ತಮ್ಮಾ, ತೆಂಗಿನ ಮರಕ್ಕೂ ಬಂತು. ಮೀನು ಒಣಗಿಸುತ್ತಿದ್ದ ಹೊಯ್ಗೆಗೆ ಯಾರೂ ಬೆಲೆ ಕಟ್ಟಲಿಲ್ಲ." ಆಕೆಯ ಇಡೀ ದುಡಿಮೆ ನಡೆದದ್ದು ಆ ಹೊಯ್ಗೆಯ, ಅಂದರೆ ಕಡಲ ದಡದ ಮರಳಿನ, ಮೇಲೆ. ಮಳೆಗಾಲಕ್ಕೆ ಮುಂಚೆ ಬಂಗಡೆ, ತಾರ್ಲೆ ಒಣಗಿಸಿಟ್ಟುಕೊಂಡರೆ ಜೂನ್, ಜುಲೈಯಲ್ಲಿ ಯಾಂತ್ರಿಕ ದೋಣಿಗಳು ದಡದಲ್ಲಿರುವಾಗ ಒಳನಾಡಿನ ಊರುಗಳಿಗೆ ಹೊತ್ತು ಮಾರಬಹುದಿತ್ತು. ಪಹಣಿಯಲ್ಲಿ ಆ ಜಾಗ ಸರ್ಕಾರಿ. ಆಕೆಯ ಹೆಸರಿಗೆ ಅಲ್ಲಿ ಒಂದು ಆಣೆ ನೆಲವೂ ಇರಲಿಲ್ಲ. ಕೊಟ್ಟ ಸೈಟು ಸಮುದ್ರದಿಂದ ದೂರ, ಅಂಗಳ ಎರಡು ಚಾಪೆ ಹಾಸಿದರೆ ಮುಗಿಯುವಷ್ಟು.

ಹಲವು ವರ್ಷಗಳ ಮೇಲೆ ಅಂಕೋಲಾ ತಾಲ್ಲೂಕಿನ ಒಂದು ಮೀನುಗಾರರ ಕೇರಿಗೆ ಹೊಸ ಯೋಜನೆಯ ಸುದ್ದಿ ಬಂದಾಗ ಅಲ್ಲಿನವರು ನನ್ನನ್ನು ಕರೆದರು. ನೋಟಿಸು ಬರಲಿ, ಆಮೇಲೆ ನೋಡೋಣ ಎಂಬ ಮಾತಿಗೆ ನಾನು ಒಪ್ಪಲಿಲ್ಲ. ನೋಟಿಸು ಬಂದ ಮೇಲೆ ದಿನಗಳು ಓಡುತ್ತವೆ. ಹಳೆಯದರ ಬದಲಿಗೆ ಬಂದ 2013ರ ಭೂಸ್ವಾಧೀನ ಕಾಯ್ದೆಯಡಿ ಪ್ರಾಥಮಿಕ ಅಧಿಸೂಚನೆಗೆ ಆಕ್ಷೇಪ ಸಲ್ಲಿಸಲು 60 ದಿನ. ರಾಷ್ಟ್ರೀಯ ಹೆದ್ದಾರಿ ಕಾಯ್ದೆಯಡಿಯಾದರೆ ಬರೀ 21 ದಿನ. ಅಷ್ಟರಲ್ಲಿ ಕೇರಿಯ ಬದುಕನ್ನು ಬರೆದು ಮುಗಿಸಲು ಸಾಧ್ಯವೇ ಇಲ್ಲ. ಆದ್ದರಿಂದ ಸರ್ವೆಯವರು ಬರುವ ಮೊದಲೇ ಊರಿನವರೇ ಒಂದು ದಾಖಲೆ ಪುಸ್ತಕ ಮಾಡಿಟ್ಟುಕೊಳ್ಳಬೇಕೆಂದು ಪಟ್ಟು ಹಿಡಿದೆ.

ಮೊದಲ ತೊಡಕು ಭಯ. ಹೆಸರು ಬರೆಸಿದರೆ ಜಾಗ ಬಿಡಲು ಒಪ್ಪಿದಂತಾಗುತ್ತದೆ ಎಂದು ಹಲವರು ಬಾಗಿಲಲ್ಲೇ ತಡೆದರು. ಆ ಭಯಕ್ಕೆ ಕಾರಣವಿದೆ. ಈ ಜಿಲ್ಲೆಯಲ್ಲಿ ಬಿಳಿ ಹಾಳೆಗೆ ಹೆಬ್ಬೆಟ್ಟು ಒತ್ತಿ ಕೆಟ್ಟವರ ಕಥೆಗಳು ಪ್ರತಿ ಕೇರಿಯಲ್ಲೂ ಇವೆ. ಹಾಗಾಗಿ ಪ್ರತಿ ಪುಟದ ನೆತ್ತಿಯ ಮೇಲೆ "ಇದು ಯೋಜನೆಗೆ ನೀಡಿದ ಒಪ್ಪಿಗೆಯಲ್ಲ" ಎಂದು ಬರೆದೆವು. ಯೋಜನೆಯೇ ಬೇಡ ಎಂದು ಹೋರಾಡುವವರಿಗೂ ಈ ಪುಸ್ತಕ ಬೇಕು. ಇಲ್ಲಿ ಇಷ್ಟು ಜನ ಹೀಗೆ ಬದುಕುತ್ತಿದ್ದಾರೆ ಎಂದು ತೋರಿಸಲಾಗದ ಹೋರಾಟಕ್ಕೆ ಸಾರ್ವಜನಿಕ ಅಹವಾಲು ಸಭೆಯಲ್ಲಿ ಬಲವಿರುವುದಿಲ್ಲ.

ಎರಡನೆಯ ಜಗಳ ಮನೆಯೊಳಗಿನದು. ನಾನು ಮನೆಗೊಂದು ಪುಟ ಎಂದು ಲೆಕ್ಕ ಹಾಕಲಿಲ್ಲ, ವಯಸ್ಕರಿಗೊಂದು ಪುಟ ಎಂದೆ. 2013ರ ಕಾಯ್ದೆಯ ಪ್ರಕಾರ ವಯಸ್ಕ ವ್ಯಕ್ತಿ, ಗಂಡಾಗಲಿ ಹೆಣ್ಣಾಗಲಿ, ಮದುವೆಯಾಗಿರಲಿ ಬಿಡಲಿ, ಪ್ರತ್ಯೇಕ ಕುಟುಂಬ. ವಿಧವೆ, ವಿಚ್ಛೇದಿತೆ, ಗಂಡ ಬಿಟ್ಟವಳು ಕೂಡ ಪ್ರತ್ಯೇಕ ಕುಟುಂಬವೇ. ಇದರಿಂದ ಮನೆ ಒಡೆಯುತ್ತದೆ ಎಂದು ಹಿರಿಯರು ಗದರಿದರು. ಕಲಮನ್ನು ಕನ್ನಡದಲ್ಲಿ ಬರೆದು, ದೇವಸ್ಥಾನದ ಕಟ್ಟೆಯ ಮೇಲೆ ಕೂತು, ಎಲ್ಲರ ಎದುರು ಓದಿದೆ. ತವರಿಗೆ ಮರಳಿ ಬಂದ ಒಬ್ಬಾಕೆ, ಅಣ್ಣನ ರೇಷನ್ ಕಾರ್ಡಿನಲ್ಲೂ ಹೆಸರಿಲ್ಲದವಳು, ಎದ್ದು ತನ್ನ ಪುಟ ಬರೆಯಲು ಹೇಳಿದ ಮೇಲೆ ಉಳಿದ ಹೆಂಗಸರು ಕಾಯಲಿಲ್ಲ.

ಬರೆಯುವಾಗ ನಾನು ಆಸ್ತಿಯಿಂದ ಶುರು ಮಾಡಲಿಲ್ಲ, "ನಿನ್ನೆ ಬೆಳಿಗ್ಗೆಯಿಂದ ಏನು ಮಾಡಿದಿರಿ?" ಎಂದು ಕೇಳಿದೆ. ಆಸ್ತಿ ಕೇಳಿದರೆ "ಏನೂ ಇಲ್ಲ" ಎಂಬ ಉತ್ತರ ಬರುತ್ತಿತ್ತು. ನಿನ್ನೆಯ ಕೆಲಸ ಕೇಳಿದರೆ ಕೇರಿಯೇ ಬಿಚ್ಚಿಕೊಳ್ಳುತ್ತಿತ್ತು: ಪಾತಿ ದೋಣಿ ಎಳೆದಿಡುವ ಜಾಗ, ಬಲೆ ನೇಯುವ ಮರದ ನೆರಳು, ಅಳಿವೆಯಲ್ಲಿ ಬಳಚು (ಚಿಪ್ಪುಮೀನು) ಹೆಕ್ಕುವ ಇಳಿತದ ಹೊತ್ತು, ಸಿಹಿನೀರಿನ ಬಾವಿಗೆ ಇನ್ನೊಬ್ಬರ ಗದ್ದೆಯ ಅಂಚಿನಿಂದ ಹೋಗುವ ದಾರಿ, ನಾಗಬನ. ಹಲವರು ಸೇರಿ ದಡದಿಂದ ಎಳೆಯುವ ದೊಡ್ಡ ರಂಪಣಿ ಬಲೆಯ ಪಾಲಿನ ಲೆಕ್ಕವನ್ನು ಬಹಳ ಹೊತ್ತು ಕೂತು ಬರೆದುಕೊಂಡೆ. ಬಲೆಯಲ್ಲಿ ತುಂಡು ಇರುವವರಿಗೆ ಮಾತ್ರವಲ್ಲ, ಹಗ್ಗಕ್ಕೆ ಕೈ ಹಚ್ಚಿದವರಿಗೂ ಪಾಲುಂಟು. ಅವರಲ್ಲಿ ಕೆಲವರು ಆ ಕೇರಿಯವರೇ ಅಲ್ಲ. ದಡ ಹೋದರೆ ಅವರ ಪಾಲೂ ಹೋಗುತ್ತದೆ. ಅವರ ಮನೆ ಯೋಜನೆಯ ನಕ್ಷೆಯ ಹೊರಗಿರುತ್ತದೆ, ಅಷ್ಟೇ. ಅವರನ್ನೂ ಕರೆಸಿ ಬರೆದೆವು.

ಬರೆದರೆ ಸಾಲದು, ಸಾಕ್ಷಿ ಬೇಕು. ಕಾಯ್ದೆ ಮೀನುಗಾರರನ್ನೂ ದೋಣಿ ನಡೆಸುವವರನ್ನೂ ಬಾಧಿತ ಕುಟುಂಬಗಳೆಂದು ಒಪ್ಪುತ್ತದೆ, ಆದರೆ ಸ್ವಾಧೀನಕ್ಕೆ ಮುಂಚಿನ ಮೂರು ವರ್ಷ ನೀರೇ ಅವರ ಮುಖ್ಯ ಜೀವನಾಧಾರವಾಗಿರಬೇಕು. ಆದ್ದರಿಂದ ಮೂರು ವರ್ಷಕ್ಕಿಂತ ಹಳೆಯ ಕಾಗದಕ್ಕೇ ಮೊದಲ ಗಮನ: ಮೀನುಗಾರರ ಸಹಕಾರ ಸಂಘದ ಪಾಸ್‌ಪುಸ್ತಕ, ದೋಣಿ ನೋಂದಣಿ, ಮೀನುಗಾರಿಕೆ ಇಲಾಖೆಯ ಉಳಿತಾಯ-ಪರಿಹಾರ ಯೋಜನೆಯ ರಸೀದಿ, ಮನೆ ತೆರಿಗೆ ಚೀಟಿ, ಮಕ್ಕಳ ಶಾಲಾ ದಾಖಲಾತಿಯಲ್ಲಿ ತಂದೆಯ ಉದ್ಯೋಗ ಬರೆದ ಸಾಲು. ಮೀನು ಮಾರುವ ಹೆಂಗಸರ ಬಳಿ ಇವುಗಳಲ್ಲಿ ಹೆಚ್ಚಿನವು ಇರಲಿಲ್ಲ. ಅವರಿಗೆ ಸ್ವಸಹಾಯ ಸಂಘದ ನಡಾವಳಿ ಪುಸ್ತಕ ನೆರವಾಯಿತು. "ಒಣಮೀನು ವ್ಯಾಪಾರಕ್ಕೆ ಸಾಲ" ಎಂಬ ನಮೂದು, ದಿನಾಂಕ, ಸಹಿ ಎಲ್ಲವೂ ಅದರಲ್ಲಿದ್ದವು. ಫೋಟೋಗಳನ್ನು ಬಿಸಿಲುಗಾಲಕ್ಕೆ ಕಾದು ತೆಗೆದೆವು. ಮಳೆಗಾಲದಲ್ಲಿ ನೋಡಿದವರಿಗೆ ಆ ಹೊಯ್ಗೆ ಯಾರಿಗೂ ಬೇಡದ ನೆಲದಂತೆ ಕಾಣುತ್ತದೆ, ಸರ್ವೆ ವರದಿಗೂ ಹಾಗೆಯೇ ಇಳಿಯುತ್ತದೆ.

ಜಮೀನಿದ್ದ ಕೆಲವೇ ಮನೆಗಳ ಕೆಲಸ ಬೇರೆ. ಪಹಣಿ ಇನ್ನೂ ತೀರಿಕೊಂಡ ಅಜ್ಜನ ಹೆಸರಿನಲ್ಲಿತ್ತು. ವಾರಸಾ ಬದಲಾವಣೆಗೆ ಅರ್ಜಿ ಹಾಕಿಸಿದೆ. ಗೇಣಿ ಹಕ್ಕಿನಿಂದ ಬಂದ ತುಂಡುಗಳಿಗೆ ಭೂನ್ಯಾಯಮಂಡಳಿಯ ಆದೇಶದ ನಕಲು ತರಿಸಿದೆವು. ಇದನ್ನು ಈಗಲೇ ಮಾಡದಿದ್ದರೆ ಪರಿಹಾರದ ಹಣ ನ್ಯಾಯಾಲಯದಲ್ಲಿ ಠೇವಣಿಯಾಗಿ, ಅಣ್ಣತಮ್ಮಂದಿರು ಕಟಕಟೆಯಲ್ಲಿ ಎದುರುಬದುರಾಗಬೇಕಾಗುತ್ತದೆ.

ಪುಸ್ತಕ ಸಿದ್ಧವಾದ ಮೇಲೆ ಗ್ರಾಮಸಭೆಯಲ್ಲಿ ಓದಿಸಿ ನಡಾವಳಿಗೆ ಸೇರಿಸಿದೆವು. ಮೂಲಪ್ರತಿ ಕೇರಿಯಲ್ಲೇ ಉಳಿಯಿತು. ನಕಲುಗಳು ಪಂಚಾಯತಿಗೆ, ತಹಶೀಲ್ದಾರರಿಗೆ, ಜಿಲ್ಲಾಧಿಕಾರಿ ಕಚೇರಿಗೆ ಹೋದವು. ಪ್ರತಿಯೊಂದಕ್ಕೂ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳದೆ ಯಾರೂ ಹೊರಡಲಿಲ್ಲ. ಒಂದು ಕಚೇರಿಯಲ್ಲಿ ಮೊಹರು ಇಲ್ಲವೆಂದು ಸಂಜೆಯವರೆಗೆ ಕಾಯಿಸಿದರು. ಹೆಂಗಸರು ಬುಟ್ಟಿ ಪಕ್ಕಕ್ಕಿಟ್ಟು ಮೆಟ್ಟಿಲ ಮೇಲೆ ಕೂತು ಕಾದರು, ಮೊಹರು ಸಿಕ್ಕಿತು.

ಸಾಮಾಜಿಕ ಪರಿಣಾಮದ ಅಧ್ಯಯನ ನಡೆದರೆ ಈ ಪುಸ್ತಕವನ್ನು ಅನುಬಂಧವಾಗಿ ಸೇರಿಸಬೇಕೆಂದು ಲಿಖಿತವಾಗಿ ಕೇಳಿದ್ದೇವೆ. ಹಿಂಬರಹ ಇನ್ನೂ ಬಂದಿಲ್ಲ. ಅರ್ಜಿ ಯಾರ ಮೇಜಿನ ಮೇಲಿದೆ ಎಂದು ಮಾಹಿತಿ ಹಕ್ಕಿನಡಿ ಕೇಳಿದ್ದೇವೆ. ಅದಕ್ಕೆ 30 ದಿನಗಳಲ್ಲಿ ಉತ್ತರ ಕೊಡಬೇಕು. ಅಷ್ಟರಲ್ಲಿ ಕೇರಿಯಲ್ಲಿ ಇಬ್ಬರು ಹುಡುಗಿಯರಿಗೆ ಹದಿನೆಂಟು ತುಂಬುತ್ತದೆ, ಅವರ ಪುಟಗಳನ್ನು ಸೇರಿಸಬೇಕಾಗಿದೆ.