ಆಫೀಸಿನಲ್ಲಿ ಬರುವ ನೆಟ್ ಮನೆಯಲ್ಲಿ ಯಾಕೆ ಬರಲ್ಲ?

ಹಗಲೆಲ್ಲ ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಆಫೀಸಿನಲ್ಲಿ ಚೆನ್ನಾಗಿದ್ದ ಲ್ಯಾಪ್‌ಟಾಪ್, ಸಂಜೆ ರೈಲು ಹತ್ತಿ ಮಂಡ್ಯದ ಮನೆಗೆ ಬಂದರೆ ಒಂದು ಪೇಜನ್ನೂ ತೆರೆಯುವುದಿಲ್ಲ. ವೈಫೈ ಕಡ್ಡಿಗಳೇನೋ ತುಂಬಿರುತ್ತವೆ. ತಕ್ಷಣ ರೂಟರ್ ಆಫ್ ಮಾಡಿ ಆನ್ ಮಾಡುತ್ತೇವೆ, ಆಮೇಲೆ ಕೇಬಲ್‌ನವರಿಗೆ ಫೋನು.

ಸ್ವಲ್ಪ ತಡೆಯಿರಿ. ಮೊದಲು ಮೊಬೈಲ್ ಡೇಟಾ ಆಫ್ ಮಾಡಿ, ಅದೇ ವೈಫೈನಲ್ಲಿ ಫೋನ್ ನೋಡಿ. ಅದರಲ್ಲಿ ನೆಟ್ ಬಂದರೆ ಲೈನ್ ಸರಿಯಿದೆ. ಆಫೀಸಿನ ಯಾವುದೋ ಸೆಟ್ಟಿಂಗ್ ಲ್ಯಾಪ್‌ಟಾಪಿನಲ್ಲೇ ಉಳಿದಿರುವ ಸಾಧ್ಯತೆ ಜಾಸ್ತಿ. ವಿಂಡೋಸ್ 10 ಅಥವಾ 11 ಇದ್ದರೆ ಹೀಗೆ ಹುಡುಕಿ.

ಕಮಾಂಡ್ ಪ್ರಾಂಪ್ಟ್ (ಆಜ್ಞೆಗಳನ್ನು ಟೈಪ್ ಮಾಡುವ ಕಪ್ಪು ಕಿಟಕಿ) ತೆರೆದು, ಇಂಗ್ಲಿಷ್ ಅಕ್ಷರಗಳಲ್ಲಿ ಐಪಿಕಾನ್ಫಿಗ್ (ipconfig) ಎಂದು ಟೈಪ್ ಮಾಡಿ ಎಂಟರ್ ಒತ್ತಿ. ವೈಫೈ ಎಂದಿರುವ ಕಡೆ ಐಪಿವಿ4 ಅಡ್ರೆಸ್, ಅಂದರೆ ನೆಟ್‌ವರ್ಕ್‌ನಲ್ಲಿ ಲ್ಯಾಪ್‌ಟಾಪನ್ನು ಗುರುತಿಸುವ ನಂಬರ್, ನೋಡಿ. ಫೋನಿನ ವೈಫೈ ವಿವರದಲ್ಲೂ ಇಂಥದೇ ನಂಬರ್ ಇರುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಫೋನಿನದು 192.168.1.7, ಲ್ಯಾಪ್‌ಟಾಪಿನದು 10.20.4.55 ಎಂದಿದ್ದರೆ ಕಳ್ಳ ಸಿಕ್ಕ ಹಾಗೆಯೇ. ಆಫೀಸಿನಲ್ಲಿ ಕೂರಿಸಿದ ಖಾಯಂ ನಂಬರ್ ಅದು. ಮನೆ ರೂಟರ್‌ಗೂ ಅದಕ್ಕೂ ಹೊಂದುವುದಿಲ್ಲ.

ಬದಲಾಯಿಸುವ ಮುಂಚೆ ಆ ಸೆಟ್ಟಿಂಗ್‌ನ ಫೋಟೊ ತೆಗೆದುಕೊಳ್ಳಿ. ದಯವಿಟ್ಟು ಇದನ್ನು ಬಿಡಬೇಡಿ, ನಾಳೆ ಬೆಳಿಗ್ಗೆ ಆಫೀಸಿನಲ್ಲಿ ಅದೇ ನಂಬರ್ ಬೇಕಾಗುತ್ತದೆ. ಆಮೇಲೆ ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ವಿಭಾಗದಲ್ಲಿ ನಿಮ್ಮ ವೈಫೈನ ಪ್ರಾಪರ್ಟೀಸ್ ತೆರೆದು, ಐಪಿ ಅಸೈನ್‌ಮೆಂಟ್ ಅನ್ನು ಆಟೊಮ್ಯಾಟಿಕ್ ಮಾಡಿ. ಆಫೀಸಿನಲ್ಲಿ ಖಾಯಂ ನಂಬರ್ ಬೇಕೇ ಬೇಕಾ ಎಂದು ಅಲ್ಲಿನ ಐಟಿಯವರನ್ನು ಒಮ್ಮೆ ಕೇಳಿ. ಎಷ್ಟೋ ಕಡೆ ಯಾವತ್ತೋ ಹಾಕಿದ್ದು ಸುಮ್ನೆ ಹಾಗೇ ಉಳಿದಿರುತ್ತದೆ.

ನಂಬರ್ 169.254 ಎಂದು ಶುರುವಾಗಿದ್ದರೆ ಕಥೆ ಬೇರೆ. ರೂಟರ್‌ನಿಂದ ನಂಬರ್ ಸಿಗದೆ ಲ್ಯಾಪ್‌ಟಾಪ್ ತಾನೇ ಒಂದನ್ನು ಇಟ್ಟುಕೊಂಡಿದೆ ಎಂದರ್ಥ. ಆ ವೈಫೈಯನ್ನು ಫರ್ಗೆಟ್ ಮಾಡಿ, ಪಾಸ್‌ವರ್ಡ್ ಹಾಕಿ ಮತ್ತೆ ಸೇರಿಸಿ. ಈಗ ರೂಟರ್ ಆಫ್ ಮಾಡಿ ಆನ್ ಮಾಡಿದರೂ ಅರ್ಥವಿದೆ.

ನಂಬರ್ ಸರಿಯಿದ್ದರೆ ಪ್ರಾಕ್ಸಿ (ಬ್ರೌಸರ್‌ಗೂ ನೆಟ್‌ಗೂ ನಡುವೆ ನಿಲ್ಲುವ ಸರ್ವರ್) ನೋಡಿ. ಅದೇ ನೆಟ್‌ವರ್ಕ್ ವಿಭಾಗದಲ್ಲಿದೆ. ಕೈಯಾರೆ ಹಾಕಿದ ಪ್ರಾಕ್ಸಿ ಆನ್ ಇದ್ದರೆ ಬ್ರೌಸರ್ ಮನೆಯಲ್ಲೂ ಆಫೀಸಿನ ಸರ್ವರನ್ನೇ ಹುಡುಕುತ್ತಿರುತ್ತದೆ. ಆಫ್ ಮಾಡಿ. ವಿಪಿಎನ್ (ಹೊರಗಿನಿಂದ ಆಫೀಸಿನ ನೆಟ್‌ವರ್ಕ್‌ಗೆ ಸೇರಿಸುವ ಸುರಕ್ಷಿತ ದಾರಿ) ಆನ್ ಉಳಿದಿದ್ದರೆ ಅದನ್ನೂ ಆಫ್ ಮಾಡಿ ನೋಡಿ. ಕಂಪನಿಯ ಲ್ಯಾಪ್‌ಟಾಪ್ ಆಗಿ ಇವು ಲಾಕ್ ಆಗಿದ್ದರೆ ಬಲವಂತ ಬೇಡ, ಐಟಿಯವರಿಗೇ ಹೇಳಿ.

ಮುಂದಿನದು ಡಿಎನ್‌ಎಸ್, ಅಂದರೆ ವೆಬ್‌ಸೈಟಿನ ಹೆಸರಿಗೆ ಅದರ ನಂಬರ್ ಹುಡುಕಿಕೊಡುವ ವ್ಯವಸ್ಥೆ. ಕಮಾಂಡ್ ಪ್ರಾಂಪ್ಟ್‌ನಲ್ಲಿ ಪಿಂಗ್ (ping) ಎಂದು ಬರೆದು, ಒಂದು ಸ್ಪೇಸ್ ಬಿಟ್ಟು, ಗೂಗಲ್ ಸರ್ವರ್‌ನ ನಂಬರ್ 8.8.8.8 ಹಾಕಿ. ಇದಕ್ಕೆ ರಿಪ್ಲೈ ಬಂದೂ ವೆಬ್‌ಸೈಟ್ ತೆರೆಯದಿದ್ದರೆ ಹೆಚ್ಚಾಗಿ ಆಫೀಸಿನ ಡಿಎನ್‌ಎಸ್ ಉಳಿದಿರುತ್ತದೆ. ಅದನ್ನೂ ಆಟೊಮ್ಯಾಟಿಕ್ ಮಾಡಿ.

ಇನ್ನೊಂದು ತೊಂದರೆ ಬೇಗ ಕಣ್ಣಿಗೆ ಬೀಳುವುದಿಲ್ಲ. ವಿಪಿಎನ್ ಸೇರುತ್ತದೆ, ನೆಟ್ ಇದೆ, ಆದರೆ ಆಫೀಸಿನ ಫೈಲ್ ಫೋಲ್ಡರ್ ಮಾತ್ರ ಸಿಗುವುದಿಲ್ಲ. ಮನೆಯಲ್ಲೂ ಆಫೀಸಿನಲ್ಲೂ 192.168.1 ಸಾಲಿನ ನಂಬರ್‌ಗಳೇ ಇದ್ದರೆ ಹೀಗಾಗಬಹುದು. ಲ್ಯಾಪ್‌ಟಾಪ್ ಆ ಫೋಲ್ಡರನ್ನು ಮನೆಯೊಳಗೇ ಹುಡುಕುತ್ತದೆ. ರೂಟರ್‌ನ ಲ್ಯಾನ್ (ಮನೆಯೊಳಗಿನ ನೆಟ್‌ವರ್ಕ್) ಸೆಟ್ಟಿಂಗ್‌ನಲ್ಲಿ ಅದರ ನಂಬರನ್ನು 192.168.50.1 ಎಂದು ಬದಲಿಸಿ, ರೂಟರ್ ಒಮ್ಮೆ ರೀಸ್ಟಾರ್ಟ್ ಮಾಡಿ. ಮನೆಯ ಫೋನ್, ಟಿವಿಗಳು ಹೊಸ ನಂಬರನ್ನು ತಾವೇ ಪಡೆಯುತ್ತವೆ.