ಒಂದು ಫ್ರೇಮಿನಲ್ಲಿ 19,656 ಸೈಕಲ್: ಕಮಡೋರ್ 64ಕ್ಕೆ ಆಟ ಬರೆದ ನನ್ನ ಅನುಭವ

ಕಮಡೋರ್ 64 ಎಂಬ ಹಳೆಯ ಮನೆ ಕಂಪ್ಯೂಟರಿನಲ್ಲಿ 53280 ಎಂಬ ಮೆಮೊರಿ ವಿಳಾಸವೊಂದಿದೆ. ಅಲ್ಲಿ ಬರೆದ ಸಂಖ್ಯೆಗೆ ತಕ್ಕಂತೆ ಪರದೆಯ ಸುತ್ತಲಿನ ಬಾರ್ಡರಿನ ಬಣ್ಣ ಬದಲಾಗುತ್ತದೆ. ಅದರ ಕೆಲಸ ಇಷ್ಟೇ. ಆದರೆ ಈ ಯಂತ್ರಕ್ಕೆ ಆಟ ಬರೆಯಲು ಕೂತ ಮೇಲೆ ನನಗೆ ಎಲ್ಲಕ್ಕಿಂತ ಹೆಚ್ಚು ಕಲಿಸಿದ್ದು ಆ ಒಂದು ಬೈಟ್. ನಾನು ಬರೆದ ಕೋಡ್ ಎಷ್ಟು ಹೊತ್ತು ತಿನ್ನುತ್ತಿದೆ ಎಂಬುದನ್ನು ಅದು ಕಣ್ಣಿಗೆ ಕಾಣುವಂತೆ ತೋರಿಸಿತು. ಹೇಗೆ ಎಂಬುದನ್ನು ಮುಂದೆ ಹೇಳುತ್ತೇನೆ.

ಆಟ ಸರಳ. ಕೆಳಗೊಂದು ನೌಕೆ, ಮೇಲಿನಿಂದ ಉದುರುವ ಬಂಡೆಗಳು. ಬಂಡೆಗೆ ಸಿಗದೆ ಉಳಿದುಕೊಳ್ಳಬೇಕು. ಯಂತ್ರ 1982ರದು: 64 ಕಿಲೋಬೈಟ್ ಮೆಮೊರಿ, ಒಂದು ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಓಡುವ 6510 ಪ್ರೊಸೆಸರ್. ಹಳೆಯ ಯಂತ್ರಗಳಲ್ಲಿ ಇದನ್ನೇ ಆರಿಸಿಕೊಂಡಿದ್ದಕ್ಕೆ ಕಾರಣವಿದೆ. ಝಡ್‌ಎಕ್ಸ್ ಸ್ಪೆಕ್ಟ್ರಮ್‌ನಲ್ಲಿ ಸ್ಪ್ರೈಟಿಗೆಂದು (ಹಿನ್ನೆಲೆಯನ್ನು ಮುಟ್ಟದೆ ಪರದೆಯ ಮೇಲೆ ಸರಿಸಬಹುದಾದ ಸಣ್ಣ ಚಿತ್ರಕ್ಕೆಂದು) ಹಾರ್ಡ್‌ವೇರ್ ಇಲ್ಲ, ಅಲುಗಾಡುವ ಪ್ರತಿಯೊಂದನ್ನೂ ಪ್ರೊಸೆಸರೇ ಅಳಿಸಿ ಬರೆಯಬೇಕು. ಅಟಾರಿ 2600ರಲ್ಲಿ ಇರುವ ಮೆಮೊರಿ 128 ಬೈಟ್ ಮಾತ್ರ. ಪರದೆಯ ಚಿತ್ರವನ್ನು ಇಟ್ಟುಕೊಳ್ಳಲು ಅಲ್ಲಿ ಜಾಗವೇ ಇಲ್ಲ, ಗೆರೆ ಗೆರೆಯನ್ನೂ ಆಯಾ ಕ್ಷಣದಲ್ಲೇ ಹೊಂದಿಸಿಕೊಡಬೇಕು. ಕಮಡೋರ್‌ನ ವಿಐಸಿ-2 ಎಂಬ ಚಿತ್ರದ ಚಿಪ್ಪು ಮಾತ್ರ 24 ಪಿಕ್ಸೆಲ್ ಅಗಲ, 21 ಗೆರೆ ಎತ್ತರದ ಎಂಟು ಸ್ಪ್ರೈಟ್‌ಗಳನ್ನು ತಾನೇ ತೋರಿಸುತ್ತದೆ. ಎಲ್ಲಿ ನಿಲ್ಲಬೇಕು ಎಂದು ಹೇಳಿದರೆ ಸಾಕು. ಮೊದಲ ಆಟಕ್ಕೆ ಈ ಅನುಕೂಲ ಬಹಳ ದೊಡ್ಡದು.

ಶುರು ಮಾಡಿದ್ದು ಯಂತ್ರದೊಳಗೇ ಇರುವ ಬೇಸಿಕ್ ಭಾಷೆಯಲ್ಲೇ, ಈಗಲೂ ಹೊಸಬರಿಗೆ ಅದನ್ನೇ ಹೇಳುತ್ತೇನೆ. ಒಂದು ವಿಳಾಸಕ್ಕೆ ಸಂಖ್ಯೆ ಬರೆಯುವ ಪೋಕ್ ಆಜ್ಞೆಯೊಂದು ಕೈಯಲ್ಲಿದ್ದರೆ ಯಂತ್ರದ ಒಳಗೆಲ್ಲ ಓಡಾಡಬಹುದು. 2040ರಲ್ಲಿ ಚಿತ್ರ ಎಲ್ಲಿದೆ ಎಂದು ಹೇಳಿ, 53248 ಮತ್ತು 53249ರಲ್ಲಿ ಸ್ಥಾನ ಕೊಟ್ಟು, 53269ರಲ್ಲಿ ಮೊದಲ ಬಿಟ್ ಏರಿಸಿದರೆ ನೌಕೆ ಪರದೆಯ ಮೇಲೆ ನಿಲ್ಲುತ್ತದೆ. ಜಾಯ್‌ಸ್ಟಿಕ್ ಓದಲು 56320ನ್ನು ಪೀಕ್ ಮಾಡಬೇಕು, ಅಂದರೆ ಅಲ್ಲಿರುವ ಸಂಖ್ಯೆಯನ್ನು ನೋಡಬೇಕು. ಒತ್ತಿದ ದಿಕ್ಕಿನ ಬಿಟ್ ಸೊನ್ನೆಯಾಗಿರುತ್ತದೆ. ಇದು ಎರಡನೇ ಪೋರ್ಟಿನ ವಿಳಾಸ. ಮೊದಲ ಪೋರ್ಟಿನ ತಂತಿಗಳು ಕೀಬೋರ್ಡಿನೊಂದಿಗೆ ಹಂಚಿಕೊಂಡಿರುವುದರಿಂದ ಅಲ್ಲಿ ಜಾಯ್‌ಸ್ಟಿಕ್ ಅಲ್ಲಾಡಿಸಿದರೆ ಒತ್ತದ ಕೀಲಿಗಳೂ ಒತ್ತಿದಂತೆ ಕಾಣುತ್ತವೆ. ಬಹಳಷ್ಟು ಆಟಗಳು ಎರಡನೇ ಪೋರ್ಟನ್ನೇ ಕೇಳುವುದು ಇದಕ್ಕೇ.

ಬೇಸಿಕ್‌ನಲ್ಲಿ ಒಂದು ನೌಕೆ, ಎರಡು ಬಂಡೆ ಚೆನ್ನಾಗಿಯೇ ಓಡುತ್ತವೆ. ಅದಕ್ಕಿಂತ ಹೆಚ್ಚಾದರೆ ಆಟ ತೆವಳುತ್ತದೆ. ಪ್ರತಿ ಸಾಲನ್ನೂ ಓಡುವಾಗಲೇ ಓದಿ ಅರ್ಥ ಮಾಡಿಕೊಳ್ಳಬೇಕು, ಸಾಮಾನ್ಯ ಕೂಡು-ಕಳೆಯನ್ನೂ ಐದು ಬೈಟಿನ ದಶಮಾಂಶ ಸಂಖ್ಯೆಗಳಲ್ಲಿ ಮಾಡಬೇಕು ಎಂದರೆ ಇನ್ನೇನಾದೀತು. ಹಾಗಾಗಿ ಅಸೆಂಬ್ಲಿ, ಪ್ರೊಸೆಸರಿನ ಸೂಚನೆಗಳನ್ನು ನೇರವಾಗಿ ಬರೆಯುವ ಭಾಷೆ.

ಅಸೆಂಬ್ಲಿಗೆ ಬಂದ ತಕ್ಷಣ ನಾನು ಮಾಡಿಕೊಂಡ ಮೊದಲ ಕೆಲಸ ಆಟದ್ದಲ್ಲ, ಲೆಕ್ಕದ್ದು. ಪಾಲ್ ಟಿವಿ ಪದ್ಧತಿಯ ಯಂತ್ರದಲ್ಲಿ ಒಂದು ಫ್ರೇಮಿಗೆ, ಅಂದರೆ ಪರದೆಯನ್ನು ಒಮ್ಮೆ ಪೂರ್ತಿ ಬಿಡಿಸಲು, 312 ಗೆರೆ; ಒಂದು ಗೆರೆಗೆ 63 ಸೈಕಲ್, ಅಂದರೆ ಪ್ರೊಸೆಸರಿನ ಗಡಿಯಾರದ 63 ಮಿಡಿತ. ಗುಣಿಸಿದರೆ 19,656. ಸೆಕೆಂಡಿಗೆ ಸುಮಾರು 50 ಫ್ರೇಮ್. ನೌಕೆ, ಬಂಡೆ, ಡಿಕ್ಕಿ, ಅಂಕ, ಸದ್ದು ಎಲ್ಲವೂ ಈ 19,656ರೊಳಗೆ ಮುಗಿದರೆ ಚಲನೆ ನುಣುಪು. ಮೀರಿದರೆ ಒಂದು ಫ್ರೇಮ್ ತಪ್ಪುತ್ತದೆ, ಅದು ಆಡುವವರ ಕಣ್ಣಿಗೆ ಗೊತ್ತಾಗಿಯೇ ಆಗುತ್ತದೆ. ಆ ಪೂರ್ತಿ ಮೊತ್ತವೂ ನಮ್ಮದಲ್ಲ. ಅಕ್ಷರದ ಪ್ರತಿ ಹೊಸ ಸಾಲಿಗೆ ವಿಐಸಿ-2 ಸುಮಾರು 40 ಸೈಕಲ್ ಕಿತ್ತುಕೊಳ್ಳುತ್ತದೆ. ಅಂಥ ಗೆರೆಗೆ ಬ್ಯಾಡ್‌ಲೈನ್ ಎನ್ನುತ್ತಾರೆ. 25 ಸಾಲಿಗೆ ಸಾವಿರ ಸೈಕಲ್ ಹೋಯಿತು.

ಇಲ್ಲಿಗೆ ಬಾರ್ಡರ್ ಬರುತ್ತದೆ. ಆಟದ ಲೂಪ್ ಶುರುವಾಗುವಲ್ಲಿ 53280ರ ಬೆಲೆಯನ್ನು ಒಂದು ಏರಿಸಿ, ಮುಗಿಯುವಲ್ಲಿ ಒಂದು ಇಳಿಸಿದೆ. ಎರಡೇ ಸೂಚನೆ. ಪರದೆಯನ್ನು ಮೇಲಿನಿಂದ ಕೆಳಕ್ಕೆ ಗೆರೆ ಗೆರೆಯಾಗಿ ಬಿಡಿಸುತ್ತಿರುವಾಗಲೇ ಕೋಡ್ ಓಡುತ್ತಿರುವುದರಿಂದ, ಓಡಿದಷ್ಟು ಹೊತ್ತು ಬಾರ್ಡರ್ ಬೇರೆ ಬಣ್ಣದಲ್ಲಿರುತ್ತದೆ. ಬಣ್ಣದ ಪಟ್ಟಿ ಎಷ್ಟು ಎತ್ತರವೋ ಕೋಡ್ ಅಷ್ಟು ಹೊತ್ತು ತೆಗೆದುಕೊಂಡಿದೆ. ಒಂದು ಉದಾಹರಣೆ ಕೊಡುತ್ತೇನೆ. ಪರದೆಯ 1000 ಅಕ್ಷರಗಳನ್ನು ಅಳಿಸುವ ಲೂಪಿನಲ್ಲಿ ಒಂದು ಸುತ್ತಿಗೆ ನಾಲ್ಕು ಜಾಗಕ್ಕೆ ಬರೆಯುತ್ತೇನೆ. ಒಂದೊಂದು ಬರೆಹಕ್ಕೆ 5 ಸೈಕಲ್, ಎಣಿಕೆ ಇಳಿಸಲು 2, ಹಿಂದಕ್ಕೆ ಜಿಗಿಯಲು 3: ಒಟ್ಟು 25. ಇಂಥ 250 ಸುತ್ತು ಎಂದರೆ 6250 ಸೈಕಲ್, ಫ್ರೇಮಿನ ಮೂರನೇ ಒಂದು ಭಾಗ. ಬಾರ್ಡರಿನಲ್ಲಿ ನೋಡಿದರೆ ಪಟ್ಟಿ 100 ಗೆರೆ ದಾಟಿ ಇನ್ನೂ ಒಂದಿಷ್ಟು ಕೆಳಗಿಳಿದಿತ್ತು. ಆ ಒಂದಿಷ್ಟೇ ಬ್ಯಾಡ್‌ಲೈನ್‌ಗಳು ಕಸಿದುಕೊಂಡದ್ದು. ಕಾಗದದ ಮೇಲಿನ ಲೆಕ್ಕವೂ ಪರದೆಯೂ ಹೀಗೆ ತಾಳೆಯಾದಾಗ ಆಗುವ ಸಂತೋಷ ನನಗೆ ಆಧುನಿಕ ಯಂತ್ರಗಳ ಮೇಲೆ ಎಂದೂ ಸಿಕ್ಕಿಲ್ಲ.

ಅಳೆಯುವಾಗ ಒಂದು ಎಚ್ಚರ ಬೇಕು. ಆಟದಲ್ಲಿ ನನ್ನ ಮುಖ್ಯ ರಾಸ್ಟರ್ ಇಂಟರಪ್ಟ್ (ಪರದೆ ಬಿಡಿಸುವುದು ಗೊತ್ತುಮಾಡಿದ ಗೆರೆಗೆ ಬಂದಾಗ ಪ್ರೊಸೆಸರನ್ನು ನಮ್ಮ ಕೋಡಿಗೆ ಕರೆಯುವ ಸಂಕೇತ) 251ನೇ ಗೆರೆಯಲ್ಲಿ ಬರುತ್ತದೆ, ಚಿತ್ರದ ಭಾಗ ಮುಗಿದು ಕೆಳಗಿನ ಬಾರ್ಡರ್ ಶುರುವಾಗುವ ಜಾಗ ಅದು. ಅಲ್ಲಿಂದ ಅಳೆದರೆ ಪಟ್ಟಿಯ ಒಂದು ಭಾಗ ಟಿವಿ ತೋರಿಸದ ಗೆರೆಗಳಲ್ಲಿ ಕಳೆದುಹೋಗುತ್ತದೆ. ಅಳತೆಗೆ ಮಾತ್ರ ಇಂಟರಪ್ಟನ್ನು 50ನೇ ಗೆರೆಗೆ ತರುತ್ತೇನೆ. ಇಂಟರಪ್ಟ್ ಹೂಡುವುದು ಕಷ್ಟವಿಲ್ಲ: ಇಂಟರಪ್ಟ್‌ಗಳನ್ನು ತಡೆದು, 56333ರಲ್ಲಿ 127 ಬರೆದು ಟೈಮರಿನದನ್ನು ನಿಲ್ಲಿಸಿ, 53266ರಲ್ಲಿ ಗೆರೆಯ ಸಂಖ್ಯೆ ಕೊಟ್ಟು, 53265ರ ಮೇಲ್ತುದಿಯ ಬಿಟ್ ಇಳಿಸಿ, 788 ಮತ್ತು 789ರಲ್ಲಿ ನಮ್ಮ ಕೋಡಿನ ವಿಳಾಸ ಇಟ್ಟು, 53274ರಲ್ಲಿ 1 ಬರೆದು ತಡೆ ತೆಗೆಯುವುದು. ಪ್ರತಿ ಸಲ ಇಂಟರಪ್ಟ್ ಬಂದಾಗ 53273ಕ್ಕೆ ಬರೆದು ಅದನ್ನು ಒಪ್ಪಿಕೊಳ್ಳಬೇಕು, ಇಲ್ಲವಾದರೆ ಅದೇ ಇಂಟರಪ್ಟ್ ಮತ್ತೆ ಮತ್ತೆ ಬರುತ್ತಲೇ ಇರುತ್ತದೆ.

ಪರದೆ 320 ಪಿಕ್ಸೆಲ್ ಅಗಲ, ಒಂದು ಬೈಟಿನಲ್ಲಿ ಹಿಡಿಯುವುದು 255ರವರೆಗೆ. ಹಾಗಾಗಿ ಎಂಟೂ ಸ್ಪ್ರೈಟ್‌ಗಳ ಒಂಬತ್ತನೇ ಬಿಟ್‌ಗಳು 53264ರಲ್ಲಿ ಒಟ್ಟಿಗೆ ಕೂತಿವೆ. ಇದನ್ನು ನಿಭಾಯಿಸಲು ನಾನು ಬಳಸುವ ದಾರಿ ಹಳೆಯದು, ನನಗೆ ಬಹಳ ಇಷ್ಟವಾದದ್ದು. ಅಡ್ಡ ಸ್ಥಾನವನ್ನು ಅರ್ಧಮಾಡಿ ಒಂದೇ ಬೈಟಿನಲ್ಲಿ ಇಡುತ್ತೇನೆ. ತೋರಿಸುವ ಹೊತ್ತಿಗೆ ಎಎಸ್‌ಎಲ್ ಸೂಚನೆಯಿಂದ ಎಡಕ್ಕೆ ಒಂದು ಬಿಟ್ ಸರಿಸಿದರೆ ಬೆಲೆ ದುಪ್ಪಟ್ಟಾಗುತ್ತದೆ, ಹೊರಬಿದ್ದ ಬಿಟ್ ಪ್ರೊಸೆಸರಿನ ಕ್ಯಾರಿ ಎಂಬ ಒಂದು ಬಿಟ್ಟಿನಲ್ಲಿ ಉಳಿಯುತ್ತದೆ. ಮರುಕ್ಷಣವೇ ಆರ್‌ಒಎಲ್‌ನಿಂದ ಆ ಕ್ಯಾರಿಯನ್ನು ಇನ್ನೊಂದು ಬೈಟಿನೊಳಕ್ಕೆ ತಳ್ಳುತ್ತೇನೆ. ಏಳನೇ ಸ್ಪ್ರೈಟಿನಿಂದ ಸೊನ್ನೆಯವರೆಗೆ ಹೀಗೆ ಇಳಿದು ಬಂದರೆ, ಕೊನೆಯಲ್ಲಿ ಎಂಟೂ ಬಿಟ್‌ಗಳು ತಮ್ಮ ತಮ್ಮ ಜಾಗದಲ್ಲಿ ಕೂತಿರುತ್ತವೆ. ಒಂದು ಹೋಲಿಕೆಯೂ ಇಲ್ಲ, ಒಂದು ಕವಲೂ ಇಲ್ಲ. ಅಡ್ಡಲಾಗಿ ಎರಡೆರಡು ಪಿಕ್ಸೆಲ್ ಸರಿಯುವುದು ನೌಕೆಗೆ ಸಾಕಾದ ವೇಗವೇ.

ಬೀಳುವ ವೇಗಕ್ಕೆ ಮಾತ್ರ ಭಿನ್ನರಾಶಿ ಬೇಕು, ಎಲ್ಲ ಬಂಡೆಗಳೂ ಒಂದೇ ವೇಗದಲ್ಲಿ ಬಿದ್ದರೆ ಆಟದಲ್ಲಿ ಜೀವವಿಲ್ಲ. ಎತ್ತರಕ್ಕೆ ಎರಡು ಬೈಟ್ ಇಟ್ಟೆ: ಮೇಲಿನದು ಗೆರೆ, ಕೆಳಗಿನದು ಗೆರೆಯ 256ನೇ ಭಾಗಗಳು. ಮುಕ್ಕಾಲು ಗೆರೆ ವೇಗ ಬೇಕಾದರೆ ಪ್ರತಿ ಫ್ರೇಮಿಗೆ 192 ಕೂಡಿಸಿದರಾಯಿತು.

ಎಂಟು ಸ್ಪ್ರೈಟ್‌ಗಳಲ್ಲಿ ಒಂದು ನೌಕೆಗೆ. ಉಳಿದ ಏಳರಿಂದ ಆಕಾಶ ತುಂಬುವುದಿಲ್ಲ. ನನಗೆ 14 ಬಂಡೆ ಬೇಕಿತ್ತು. ಒಂದು ಸ್ಪ್ರೈಟಿನ 21 ಗೆರೆ ಮುಗಿದ ಮೇಲೆ ಅದೇ ಫ್ರೇಮಿನಲ್ಲಿ ಅದಕ್ಕೆ ಹೊಸ ಸ್ಥಾನ ಕೊಟ್ಟರೆ ವಿಐಸಿ-2 ಅದನ್ನು ಕೆಳಗೆ ಮತ್ತೊಮ್ಮೆ ತೋರಿಸುತ್ತದೆ. ಇದೇ ಮಲ್ಟಿಪ್ಲೆಕ್ಸಿಂಗ್. ಅದಕ್ಕೆ ಬಂಡೆಗಳು ಎತ್ತರದ ಕ್ರಮದಲ್ಲಿ ಜೋಡಣೆಯಾಗಿರಬೇಕು. ಒಂದೊಂದನ್ನೇ ಅದರ ಸರಿಯಾದ ಜಾಗಕ್ಕೆ ಸೇರಿಸುತ್ತ ಹೋಗುವ ಇನ್ಸರ್ಷನ್ ಸಾರ್ಟ್ ಇಲ್ಲಿಗೆ ಹೇಳಿಮಾಡಿಸಿದ್ದು: ಹಿಂದಿನ ಫ್ರೇಮಿನ ಕ್ರಮದಿಂದಲೇ ಶುರು ಮಾಡಿದರೆ ಪಟ್ಟಿ ಹೆಚ್ಚುಕಡಿಮೆ ಸರಿಯಾಗಿಯೇ ಇರುತ್ತದೆ, ಒಂದೋ ಎರಡೋ ಅದಲುಬದಲಿನಲ್ಲಿ ಮುಗಿಯುತ್ತದೆ. ಬಾರ್ಡರಿನಲ್ಲಿ ಸಾರ್ಟಿಗೆ ಬೇರೆ ಬಣ್ಣ ಕೊಟ್ಟು ನೋಡಿದೆ. ಪಟ್ಟಿ ತೆಳುವಾಗಿ ನಿಂತಿರುತ್ತದೆ. ವೇಗದ ಬಂಡೆಯೊಂದು ಇನ್ನೊಂದನ್ನು ಹಿಂದಿಕ್ಕಿದ ಫ್ರೇಮಿನಲ್ಲಿ ಮಾತ್ರ ಮಿಡಿದಂತೆ ಕೆಳಗಿಳಿದು ಮತ್ತೆ ಮೇಲೇರುತ್ತದೆ.

ಒಂದೇ ಗೆರೆಯಲ್ಲಿ ಎಂಟನೇ ಬಂಡೆ ಬಂದರೆ ತೋರಿಸಲು ಸ್ಪ್ರೈಟ್ ಇಲ್ಲ. ಆಗ ಸ್ಪ್ರೈಟ್ ಮಿನುಗುವುದನ್ನು ಅನೇಕ ಆಟಗಳು ಒಪ್ಪಿಕೊಳ್ಳುತ್ತವೆ, ನನಗದು ಬೇಡವಾಗಿತ್ತು. ಕ್ರಮದ ಪಟ್ಟಿಯಲ್ಲಿ ಒಂದು ಬಂಡೆಗೂ ಅದರಿಂದ ಏಳು ಸ್ಥಾನ ಕೆಳಗಿನದಕ್ಕೂ 24 ಗೆರೆ ಅಂತರವಿಲ್ಲದಿದ್ದರೆ ಮೇಲಿನದನ್ನು ಆ ಫ್ರೇಮಿಗೆ ನಿಲ್ಲಿಸಿಬಿಡುತ್ತೇನೆ. ಇದರಿಂದ ದಟ್ಟ ಗುಂಪಿನ ಹಿಂದೆ ತಾನಾಗಿಯೇ ಒಂದು ತೆರಪು ಹುಟ್ಟುತ್ತದೆ, ಆಡುವವರು ಅದರೊಳಗೆ ನುಗ್ಗಲು ಕಲಿಯುತ್ತಾರೆ. ಹಾರ್ಡ್‌ವೇರಿನ ಮಿತಿಯೇ ಆಟದ ನಿಯಮವಾದದ್ದು ಹೀಗೆ. ನನ್ನ ಆಟದ ಅತ್ಯುತ್ತಮ ಭಾಗ ಇದೇ ಎಂದು ನನ್ನ ಅಭಿಪ್ರಾಯ.

ಡಿಕ್ಕಿಗೆ 53278ರಲ್ಲಿ ಹಾರ್ಡ್‌ವೇರಿನದೇ ರಿಜಿಸ್ಟರ್ ಇದೆ. ಆದರೆ ಅದು ಸ್ಪ್ರೈಟಿನ ಸಂಖ್ಯೆಯನ್ನಷ್ಟೇ ಹೇಳುತ್ತದೆ. ಒಂದೇ ಸ್ಪ್ರೈಟ್ ಎರಡು ಬಂಡೆಗಳ ಪಾತ್ರ ಮಾಡುತ್ತಿರುವಾಗ ಅದು ಸಾಲದು. ಸ್ಥಾನಗಳ ವ್ಯತ್ಯಾಸವನ್ನು ನಾನೇ ಹೋಲಿಸುತ್ತೇನೆ. ಬಂಡೆ ಎಲ್ಲಿ ಹುಟ್ಟಬೇಕು ಎಂಬುದನ್ನು ಸದ್ದು ಹೊರಡಿಸುವ ಎಸ್‌ಐಡಿ ಚಿಪ್ಪಿಗೆ ಬಿಟ್ಟಿದ್ದೇನೆ. ಅದರ ಮೂರನೇ ಸ್ವರವನ್ನು ನಾಯ್ಸ್‌ಗೆ ಹಾಕಿ ಕಂಪನಾಂಕ ಏರಿಸಿಟ್ಟರೆ, 54299ನ್ನು ಓದಿದಾಗಲೆಲ್ಲ ಊಹೆಗೆ ಸಿಗದ ಸಂಖ್ಯೆ ಸಿಗುತ್ತದೆ. ಸದ್ದಿಗೆ ಉಳಿದೆರಡು ಸ್ವರ ಸಾಕಾಯಿತು.

ಕೋಡನ್ನು ಈಗಿನ ಕಂಪ್ಯೂಟರಿನಲ್ಲೇ ಬರೆದು ಆಕ್ಮಿ ಅಸೆಂಬ್ಲರಿಗೆ ಕೊಟ್ಟು ವೈಸ್ ಎಮ್ಯುಲೇಟರಿನಲ್ಲಿ (ಹಳೆಯ ಯಂತ್ರದಂತೆಯೇ ನಡೆಯುವ ತಂತ್ರಾಂಶದಲ್ಲಿ) ಓಡಿಸುತ್ತೇನೆ. ಅಸಲಿ ಯಂತ್ರಕ್ಕೆ ಎಸ್‌ಡಿ ಕಾರ್ಡ್ ಸಾಧನದಿಂದ ಸಾಗಿಸುತ್ತೇನೆ. ಯಂತ್ರ ಕೊಳ್ಳುವವರಿಗೆ ಒಂದು ಮಾತು: ಅದರ ಜತೆ ಬಂದ ಹಳೆಯ ಪವರ್ ಸಪ್ಲೈಯನ್ನು ನಂಬಬೇಡಿ. ಅದರೊಳಗಿನ ರೆಗ್ಯುಲೇಟರ್ ಕೆಟ್ಟರೆ 5 ವೋಲ್ಟಿನ ತಂತಿಯಲ್ಲಿ ಹೆಚ್ಚು ವೋಲ್ಟೇಜ್ ಹರಿದು ಮೆಮೊರಿ ಚಿಪ್ಪುಗಳನ್ನು ಸುಡುತ್ತದೆ. ಹೊಸದಾಗಿ ತಯಾರಿಸಿದ್ದನ್ನೇ ಬಳಸಿ.

ಈಗ ಕೈಹಾಕಿರುವುದು ಎನ್‌ಟಿಎಸ್‌ಸಿ ಟಿವಿ ಪದ್ಧತಿಯ ಯಂತ್ರದ ಆವೃತ್ತಿಗೆ. ಅಲ್ಲಿ 263 ಗೆರೆ, ಗೆರೆಗೆ 65 ಸೈಕಲ್, ಅಂದರೆ ಫ್ರೇಮಿಗೆ 17,095 ಮಾತ್ರ. ಸೆಕೆಂಡಿಗೆ ಫ್ರೇಮ್‌ಗಳೂ 60ರ ಹತ್ತಿರ, ಆದ್ದರಿಂದ ವೇಗದ ಕೋಷ್ಟಕವನ್ನೆಲ್ಲ ಸುಮಾರು ಆರರಲ್ಲಿ ಐದು ಭಾಗಕ್ಕೆ ಇಳಿಸಬೇಕು. ಅಂಕ ಬರೆಯುವ ಕೆಲಸವನ್ನು ಫ್ರೇಮ್ ಬಿಟ್ಟು ಫ್ರೇಮ್ ಮಾಡಿದರೆ 14 ಬಂಡೆಗಳನ್ನೂ ಉಳಿಸಿಕೊಳ್ಳಬಹುದು ಎಂದು ಲೆಕ್ಕ ಹೇಳುತ್ತಿದೆ. ಅದಾಗದಿದ್ದರೆ 12ಕ್ಕೆ ಇಳಿಸುತ್ತೇನೆ.